ಲೆಮ್ಮಿಂಗ್ ಹೆಚ್ಚಿದ ವರ್ಷ, ಹೊಸೂರಿನ ಕೆರೆಯಂಗಳ

ಹೊಸೂರಿನ ಮೇಲೆ ಹಾಯುವ ರೇಖಾಂಶ ಹೆಚ್ಚುಕಡಿಮೆ 77.8 ಡಿಗ್ರಿ ಪೂರ್ವ. ಅದನ್ನೇ ಹಿಡಿದು ನೇರ ಉತ್ತರಕ್ಕೆ ಹೊರಟರೆ ಅನಂತಪುರದ ಬಯಲು, ಆಗ್ರಾದ ಆಸುಪಾಸು, ಹಿಮಾಚಲದ ಬೆಟ್ಟಗಳು, ಲಡಾಖ್, ತಕ್ಲಮಕಾನ್ ಮರುಭೂಮಿಯ ಪಡುವಣ ಅಂಚು, ಕಜಕಸ್ತಾನದ ಹುಲ್ಲುಗಾವಲು, ಆಮೇಲೆ ಮುಗಿಯುವುದೇ ಇಲ್ಲವೇನೋ ಎನಿಸುವ ಪಶ್ಚಿಮ ಸೈಬೀರಿಯದ ಜೌಗು ಇವೆಲ್ಲ ದಾಟಿ, ಸುಮಾರು 6,600 ಕಿಲೋಮೀಟರ್ ಆಚೆ ಗಿಡಾನ್ ಎಂಬ ಪರ್ಯಾಯದ್ವೀಪ ಸಿಗುತ್ತದೆ. ಅದರಾಚೆಗೆ ಕಾರಾ ಸಮುದ್ರ, ಮತ್ತೆ ಬರೀ ಮಂಜುಗಡ್ಡೆ. ಗಿಡಾನ್, ಅದರ ಎಡಕ್ಕೆ ಯಮಾಲ್, ಬಲಕ್ಕೆ ತೈಮಿರ್: ಸೆಪ್ಟೆಂಬರಿನಲ್ಲಿ ಹೊಸೂರು, ಬಾಗಲೂರು, ಬೇರಿಗೆ, ದೆಂಕಣಿಕೋಟೆ ಸೀಮೆಯ ಕೆರೆಗಳ ಕೆಸರಂಚಿಗೆ ಬಂದಿಳಿಯುವ ಸಣ್ಣ ಹಕ್ಕಿಗಳಲ್ಲಿ ಕೆಲವು ಹುಟ್ಟುವುದು ಈ ಬಗೆಯ ನೆಲದಲ್ಲಿ. ಮರವೆಂಬುದೇ ಇಲ್ಲದ, ಪಾಚಿ, ಹುಲ್ಲು, ಮೊಳಕಾಲೆತ್ತರದ ಕುರುಚಲು ಮಾತ್ರ ಬೆಳೆಯುವ ತುಂಡ್ರಾ ಅದು.

ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನೆಲ್ಲ ‘ಸೈಬೀರಿಯದಿಂದ ಬಂದವು’ ಎಂದು ಒಂದೇ ಗಂಟಿಗೆ ಕಟ್ಟುವುದು ನಮ್ಮ ಪತ್ರಿಕೆಗಳ ವಾಡಿಕೆ. ಅದು ಸರಿಯಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಮರಿ ಮಾಡುವುದು ಟಿಬೆಟ್ ಮತ್ತು ಮಂಗೋಲಿಯದ ಎತ್ತರದ ಸರೋವರಗಳ ಬಳಿ. ನಮ್ಮ ಹಳ್ಳದಂಚಿನಲ್ಲಿ ಒಂಟಿಯಾಗಿ ಓಡಾಡುವ ಗ್ರೀನ್ ಸ್ಯಾಂಡ್‌ಪೈಪರ್ ಉತ್ತರದ ಕಾಡಿನ ಹಕ್ಕಿ. ಬೇರೆ ಹಕ್ಕಿಗಳು ಬಿಟ್ಟುಹೋದ ಹಳೆಯ ಮರಗೂಡುಗಳಲ್ಲಿ ಮೊಟ್ಟೆಯಿಡುತ್ತದೆ. ಅಪ್ಪಟ ತುಂಡ್ರಾದವು ಎನ್ನಬಹುದಾದವು ಬೇರೆ: ಇಪ್ಪತ್ತೈದು ಗ್ರಾಂ ಆಸುಪಾಸು ತೂಗುವ ಲಿಟಲ್ ಸ್ಟಿಂಟ್, ಅದರ ದಾಯಾದಿ ಟೆಮಿಂಕ್ಸ್ ಸ್ಟಿಂಟ್, ಕರಾವಳಿಯಲ್ಲಿ ಹೆಚ್ಚಾಗಿ ಒಳನಾಡಿನಲ್ಲಿ ಅಪರೂಪವಾಗಿ ಕಾಣುವ ಕರ್ಲ್ಯೂ ಸ್ಯಾಂಡ್‌ಪೈಪರ್, ಪೆಸಿಫಿಕ್ ಗೋಲ್ಡನ್ ಪ್ಲೋವರ್. ತುಂಡ್ರಾದಲ್ಲೂ ಅದರ ದಕ್ಷಿಣದ ಜೌಗಿನಲ್ಲೂ ಮರಿ ಮಾಡುವ ರಫ್ ಹಕ್ಕಿಯನ್ನೂ ಸೂಜಿಬಾಲದ ಬಾತನ್ನೂ ಈ ಪಟ್ಟಿಗೆ ಸೇರಿಸಬಹುದು. ಇವುಗಳ ಹಿಂದೆಯೇ ಬಂದು ಇವನ್ನೇ ಬೇಟೆಯಾಡುವ ಪೆರಿಗ್ರಿನ್ ಗಿಡುಗಗಳಲ್ಲೂ ಒಂದು ಉಪಜಾತಿ ತುಂಡ್ರಾದ್ದೇ.

ಈ ಹಕ್ಕಿಗಳು ಅಲ್ಲಿ ಒಂದು ವರ್ಷ ಲೆಕ್ಕವಿಲ್ಲದಷ್ಟು ಮರಿ ಮಾಡುತ್ತವೆ, ಮರುವರ್ಷ ಬರಿಗೈಯಲ್ಲಿ ಮರಳುತ್ತವೆ. ಏಕೆ? ಈ ಪ್ರಶ್ನೆಯನ್ನು ಹಿಡಿದು ರಷ್ಯ, ನೆದರ್‌ಲೆಂಡ್ಸ್, ದಕ್ಷಿಣ ಆಫ್ರಿಕ, ಡೆನ್ಮಾರ್ಕ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಅರ್ಧ ಶತಮಾನದಿಂದ ಕೆಲಸ ನಡೆದಿದೆ. ಚಳಿ ಹೆಚ್ಚಾದರೆ ಮರಿ ಸಾಯುತ್ತವೆ, ಬಿಸಿಲು ಬಂದರೆ ಬದುಕುತ್ತವೆ ಎಂಬ ಸರಳ ಉತ್ತರ ಆ ಕೆಲಸದ ಮುಂದೆ ನಿಲ್ಲುವುದಿಲ್ಲ. ಚಳಿಯ ಪಾತ್ರ ಇದೆ. ಆದರೆ ನನ್ನ ಓದಿನಲ್ಲಿ ಅದಕ್ಕಿಂತ ದೊಡ್ಡವು ಎರಡು, ಹಿಮ ಕರಗುವ ಹೊತ್ತು ಮತ್ತು ಬೇಟೆಪ್ರಾಣಿಗಳ ಹಸಿವು.

ಮೊದಲು ನೆಲದ ವಿಚಾರ. ತುಂಡ್ರಾದ ಬಹುಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಹಿಮ ಎಲ್ಲ ಕೂಡಿ 250 ಮಿಲಿಮೀಟರ್ ದಾಟುವುದು ಕಷ್ಟ. ಕೃಷ್ಣಗಿರಿ ಜಿಲ್ಲೆಯ ಮಳೆಯ ಮೂರನೇ ಒಂದು ಪಾಲು ಅದು. ನಮ್ಮ ಲೆಕ್ಕದಲ್ಲಿ ಬರಗಾಲ. ಆದರೂ ಬೇಸಗೆಯಲ್ಲಿ ಅಲ್ಲಿ ಕಾಲಿಟ್ಟಲ್ಲೆಲ್ಲ ನೀರು. ಒಂದೆರಡು ಅಡಿ ಕೆಳಗೆ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಪರ್ಮಾಫ್ರಾಸ್ಟ್ ಎನ್ನುವುದು ಇದನ್ನೇ. ಕರಗಿದ ನೀರು ಇಂಗಲು ದಾರಿಯಿಲ್ಲದೆ ಮೇಲೆಯೇ ನಿಲ್ಲುತ್ತದೆ, ಲಕ್ಷಾಂತರ ಗುಂಡಿಗಳಾಗುತ್ತದೆ. ಆ ಗುಂಡಿಗಳಲ್ಲಿ, ಅವುಗಳ ಸುತ್ತಲಿನ ಪಾಚಿಯಲ್ಲಿ, ಮಿಡ್ಜ್ ಎಂಬ ಕಚ್ಚದ ಸೊಳ್ಳೆಗಳ ಮರಿಹುಳು, ಕ್ರೇನ್ ಫ್ಲೈ ಎಂಬ ಉದ್ದಕಾಲಿನ ನೊಣಗಳ ಹುಳು, ಜೇಡ ತುಂಬಿರುತ್ತವೆ. ಕೆಲವು ವಾರ ಸೂರ್ಯ ಮುಳುಗುವುದೇ ಇಲ್ಲ, ಹಾಗಾಗಿ ಉಣ್ಣಲು ಇಪ್ಪತ್ತನಾಲ್ಕು ಗಂಟೆಯೂ ಬೆಳಕು. ಅಲಾಸ್ಕದ ಬ್ಯಾರೋ ಬಳಿ ಪೆಕ್ಟೋರಲ್ ಸ್ಯಾಂಡ್‌ಪೈಪರ್ ಗಂಡುಗಳ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹೆಣ್ಣಿಗಾಗಿ ಪೈಪೋಟಿ ನಡೆಯುವ ಮೂರು ವಾರಗಳಲ್ಲಿ ಕೆಲವು ಗಂಡುಗಳು ಶೇ 95ರಷ್ಟು ಹೊತ್ತು ಎಚ್ಚರವಾಗಿಯೇ ಇದ್ದವು. ಅತಿ ಕಡಿಮೆ ಮಲಗಿದ ಗಂಡುಗಳೇ ಅತಿ ಹೆಚ್ಚು ಮರಿಗಳ ತಂದೆಗಳಾಗಿದ್ದವು.

ಇದೆಲ್ಲ ನಡೆಯುವ ಅವಧಿ ತೀರ ಚಿಕ್ಕದು. ನಮ್ಮಲ್ಲಿ ಮೃಗಶಿರ ಮಳೆ ಬೀಳುವ ಹೊತ್ತಿಗೆ ತೈಮಿರ್‌ನಲ್ಲಿ ಹಿಮ ಕರಗಿ ಅಲ್ಲಲ್ಲಿ ನೆಲ ಕಾಣಿಸುತ್ತದೆ. ಆ ನೆಲದ ತೇಪೆಗಳ ಮೇಲೆಯೇ ಗೂಡು. ಗೂಡೆಂದರೆ ಪಾಚಿಯಲ್ಲಿ ಎದೆಯೊತ್ತಿ ಮಾಡಿದ ಒಂದು ಕುಳಿ, ಒಳಗೆ ನಾಲ್ಕು ಎಲೆ. ಹೆಚ್ಚಿನ ಜಾತಿಗಳಲ್ಲಿ ನಾಲ್ಕೇ ಮೊಟ್ಟೆ. ಸ್ಟಿಂಟ್‌ನಂಥ ಸಣ್ಣ ಹಕ್ಕಿಯಲ್ಲಿ ಈ ನಾಲ್ಕರ ಒಟ್ಟು ತೂಕ ತಾಯಿಯ ತೂಕಕ್ಕೆ ಹತ್ತಿರ ಬರುತ್ತದೆ. ಇಷ್ಟು ಸರಕನ್ನು ಹಕ್ಕಿ ಎಲ್ಲಿಂದ ತರುತ್ತದೆ? ದಕ್ಷಿಣದಲ್ಲಿ ಮೈಯಲ್ಲಿ ತುಂಬಿಕೊಂಡ ಕೊಬ್ಬಿನಿಂದಲೇ ಎಂದು ಬಹುಕಾಲ ನಂಬಲಾಗಿತ್ತು. 2001ರಲ್ಲಿ ಮಾರ್ಸೆಲ್ ಕ್ಲಾಸೆನ್ ಮತ್ತು ಸಂಗಡಿಗರು ಇಂಗಾಲದ ಐಸೊಟೋಪುಗಳ ಜಾಡು ಹಿಡಿದು ತೋರಿಸಿದ್ದು ಬೇರೆಯೇ: ಈ ಜಾತಿಗಳ ಮೊಟ್ಟೆ ಆಗುವುದು ತುಂಡ್ರಾಕ್ಕೆ ಬಂದಮೇಲೆ ಅಲ್ಲಿ ತಿಂದ ಹುಳುವಿನಿಂದ. ಹೆಬ್ಬಾತುಗಳು ಗಂಟು ಕಟ್ಟಿಕೊಂಡು ಹೋಗುತ್ತವೆ. ಈ ಸಣ್ಣವು ಹೋದಲ್ಲಿ ದುಡಿದು ಉಣ್ಣುವ ಜಾತಿ. ಅಂದರೆ ಜೂನ್ ಮೊದಲೆರಡು ವಾರ ಹಿಮ ಹೊದ್ದೇ ಇದ್ದರೆ ಉಣ್ಣಲೂ ಇಲ್ಲ, ಮೊಟ್ಟೆಯೂ ಇಲ್ಲ.

ಅದು ಬರೀ ಊಹೆಯಲ್ಲ ಎಂಬುದಕ್ಕೆ 2018 ಸಾಕ್ಷಿ. ಈಶಾನ್ಯ ಗ್ರೀನ್‌ಲೆಂಡಿನ ಜಾಕೆನ್‌ಬರ್ಗ್ ಸಂಶೋಧನಾ ಠಾಣೆಯ ಸುತ್ತ ಆ ವರ್ಷ ಹಿಮ ಎಷ್ಟು ದಟ್ಟವಾಗಿ ಬಿದ್ದು ಎಷ್ಟು ತಡವಾಗಿ ಕರಗಿತೆಂದರೆ, ಹಕ್ಕಿ ಮಾತ್ರವಲ್ಲ, ಗಿಡ, ಕೀಟ, ನರಿ ಹೀಗೆ ಹೆಚ್ಚುಕಡಿಮೆ ಇಡೀ ಜೀವಲೋಕವೇ ಆ ಬೇಸಗೆಯಲ್ಲಿ ಸಂತಾನವಿಲ್ಲದೆ ಉಳಿಯಿತು. ಆರ್ಕ್‌ಟಿಕ್ ಬಿಸಿಯಾಗುತ್ತಿದೆ, ಇನ್ನು ಹಿಮದ ಕಾಟ ಕಡಿಮೆ ಎಂದುಕೊಂಡವರಿಗೆ ಇದು ದೊಡ್ಡ ಪೆಟ್ಟು. ಬಿಸಿಗಾಳಿ ಹೆಚ್ಚು ತೇವ ಹೊರುತ್ತದೆ. ಆ ತೇವ ಚಳಿಗಾಲದಲ್ಲಿ ಹಿಮವಾಗಿಯೇ ಬೀಳುತ್ತದೆ.

ಎರಡನೆಯ ಎಳೆ ಇನ್ನೂ ಸ್ವಾರಸ್ಯದ್ದು. ಲೆಮ್ಮಿಂಗ್ ಎಂಬುದು ತುಂಡ್ರಾದ ಮೋಟುಬಾಲದ ಇಲಿ. ಹಿಮದ ಅಡಿಯಲ್ಲಿ ಚಳಿಗಾಲವಿಡೀ ಮರಿ ಹಾಕುತ್ತ, ಮೂರು ನಾಲ್ಕು ವರ್ಷಕ್ಕೊಮ್ಮೆ ಅದರ ಸಂಖ್ಯೆ ಉಕ್ಕುತ್ತದೆ, ಮರುವರ್ಷ ಕುಸಿಯುತ್ತದೆ. ಉಕ್ಕಿದ ವರ್ಷ ಹಿಮನರಿ, ಹಿಮಗೂಬೆ, ಸ್ಕುವಾ ಎಂಬ ಕಡಲಹಕ್ಕಿ ಎಲ್ಲಕ್ಕೂ ಹಬ್ಬ. ಹಿಮನರಿ ಹತ್ತಕ್ಕೂ ಮೀರಿ ಮರಿ ಹಾಕುತ್ತದೆ. ಮರುವರ್ಷ ಲೆಮ್ಮಿಂಗ್ ಇಲ್ಲ, ನರಿಗಳು ಮಾತ್ರ ಹಾಗೇ ಇವೆ. ಆಗ ಅವು ತಿರುಗುವುದು ಹಕ್ಕಿಯ ಮೊಟ್ಟೆ ಮರಿಗಳತ್ತ. ನೆದರ್‌ಲೆಂಡ್ಸಿನ ರೋಸೆಲಾರ್ 1979ರಲ್ಲಿ ತಮ್ಮ ಕರಾವಳಿಗೆ ಬರುವ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳ ಏರಿಳಿತಕ್ಕೆ ಇದೇ ಕಾರಣ ಎಂದರು. ಬ್ರಿಟನ್ನಿನ ರಾನ್ ಸಮರ್ಸ್ ಬ್ರೆಂಟ್ ಹೆಬ್ಬಾತುಗಳ ಲೆಕ್ಕ ತೆಗೆದರು. ದಕ್ಷಿಣ ಆಫ್ರಿಕದ ಲೆಸ್ ಅಂಡರ್‌ಹಿಲ್ ಅವರ ಜೊತೆಗೂಡಿ ಎರಡನ್ನೂ ಹೊಂದಿಸಿದಾಗ ಕಂಡದ್ದು: ಪಶ್ಚಿಮ ಯೂರೋಪಿಗೆ ಬರುವ ಹೆಬ್ಬಾತು ಹಿಂಡಿನಲ್ಲಿ ಮರಿಗಳು ತುಂಬಿದ್ದ ವರ್ಷವೇ ಆಫ್ರಿಕದ ದಕ್ಷಿಣ ತುದಿಯ ಲಗೂನಿನ ಸ್ಯಾಂಡ್‌ಪೈಪರ್‌ಗಳಲ್ಲೂ ಮರಿಗಳು ತುಂಬಿರುತ್ತವೆ. ಎರಡೂ ತೈಮಿರ್‌ನವು, ಅಲ್ಲಿನ ಲೆಮ್ಮಿಂಗ್ ತಾಳಕ್ಕೆ ಕುಣಿಯುವವು. ಬ್ರೆಂಟ್ ಹೆಬ್ಬಾತಿನ ಹಿಂಡಿನಲ್ಲಿ ಮರಿಗಳ ಪಾಲು ಕೆಲವು ವರ್ಷ ಶೂನ್ಯಕ್ಕೆ ಹತ್ತಿರ, ಕೆಲವು ವರ್ಷ ನೂರಕ್ಕೆ ನಲವತ್ತನ್ನೂ ದಾಟುತ್ತದೆ. ಹವೆಯೊಂದೇ ಕಾರಣವಾಗಿದ್ದರೆ ಇಷ್ಟು ಕರಾರುವಾಕ್ಕಾದ ಮೂರು ವರ್ಷದ ಏರಿಳಿತ ಬರುತ್ತಿರಲಿಲ್ಲ.

ತಮ್ಮ ಗೂಡನ್ನು ಕಾಪಾಡಿಕೊಳ್ಳಲು ಹಕ್ಕಿಗಳು ಹಿಡಿಯುವ ದಾರಿಗಳೂ ವಿಚಿತ್ರ. ಕೆಂಪೆದೆಯ ಹೆಬ್ಬಾತು ತೈಮಿರ್‌ನಲ್ಲಿ ಪೆರಿಗ್ರಿನ್ ಗಿಡುಗದ ಗೂಡಿನ ಮಗ್ಗುಲಲ್ಲೇ ತನ್ನ ಗೂಡು ಮಾಡುತ್ತದೆ. ಗಿಡುಗ ತನ್ನ ಗೂಡಿನ ಹತ್ತಿರ ಬೇಟೆಯಾಡದು, ಆದರೆ ಅತ್ತ ಸುಳಿದ ನರಿಯನ್ನು ಬಿಡದು. ಲೆಮ್ಮಿಂಗ್ ಹೆಚ್ಚಿದ ವರ್ಷ ಬ್ರೆಂಟ್ ಹೆಬ್ಬಾತುಗಳು ಹಿಮಗೂಬೆಯ ನೆರಳಿಗೆ ಹೋಗುತ್ತವೆ. ಚಳಿಗಾಲದಲ್ಲಿ ನಮ್ಮ ಕೆರೆಯ ಮೇಲೆ ಪೆರಿಗ್ರಿನ್ ಸುಳಿದೊಡನೆ ಕೆಸರಿನಲ್ಲಿದ್ದ ಹಕ್ಕಿಗಳೆಲ್ಲ ಒಂದೇ ಬೀಸಿಗೆ ಮೇಲೇಳುವುದನ್ನು ನೋಡಿದವರಿಗೆ, ಅದರ ಪಕ್ಕ ಯಾರಾದರೂ ಮನೆ ಮಾಡಿಯಾರು ಎಂದು ನಂಬುವುದು ಕಷ್ಟ.

ಸ್ಟಿಂಟ್‌ಗಳದು ಬೇರೆ ಉಪಾಯ. ಲಿಟಲ್ ಸ್ಟಿಂಟ್‌ನಲ್ಲೂ ಟೆಮಿಂಕ್ಸ್ ಸ್ಟಿಂಟ್‌ನಲ್ಲೂ ಹೆಣ್ಣು ಮೊದಲ ನಾಲ್ಕು ಮೊಟ್ಟೆಗಳನ್ನು ಗಂಡಿಗೆ ವಹಿಸಿ, ಇನ್ನೊಂದು ನಾಲ್ಕು ಇಟ್ಟು ತಾನು ಕಾವಿಗೆ ಕೂರುತ್ತದೆ. ಒಂದು ಗೂಡು ನರಿಯ ಪಾಲಾದರೂ ಇನ್ನೊಂದು ಉಳಿಯಬಹುದು. ಇದರ ಬೆಲೆಯೂ ಇದೆ: ಕಾವು ಕೂರುವ ಒಂಟಿ ಹಕ್ಕಿ ಹೊಟ್ಟೆಗಾಗಿ ಗೂಡು ಬಿಟ್ಟು ಏಳಲೇಬೇಕು, ಅಷ್ಟು ಹೊತ್ತು ಮೊಟ್ಟೆ ತಣ್ಣಗಾಗುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್‌ನಲ್ಲಿ ಗಂಡು ಕಾವಿಗೂ ಕೂರದು, ಮರಿಯನ್ನೂ ನೋಡದು. ಜುಲೈ ಮೊದಲ ವಾರಗಳಲ್ಲೇ ದಕ್ಷಿಣಕ್ಕೆ ಹೊರಟುಬಿಡುತ್ತದೆ. ರಫ್‌ನಲ್ಲೂ ಅಷ್ಟೇ. ಆಗಸ್ಟಿನಲ್ಲಿ ಭಾರತಕ್ಕೆ ಮೊದಲು ಬರುವವು ಇಂಥ ಬೇಗ ಬಿಡುಗಡೆಯಾದ ಹಿರಿಯ ಹಕ್ಕಿಗಳು. ಮರಿಗಳು ಹಿಂದಿನಿಂದ, ದಾರಿ ತೋರಿಸುವವರಿಲ್ಲದೆ, ತಾವಾಗಿ ಬರುತ್ತವೆ.

ಇಷ್ಟು ಅಪಾಯ ಮೈಮೇಲೆಳೆದುಕೊಂಡು ಅಷ್ಟು ದೂರ ಹೋಗುವುದಾದರೂ ಏಕೆ ಎಂಬ ಪ್ರಶ್ನೆಗೆ ಕೆನಡಾದಿಂದ ಒಂದು ಚೊಕ್ಕ ಉತ್ತರ ಬಂದಿದೆ. ಲಾರಾ ಮೆಕಿನನ್ ಮತ್ತು ಸಂಗಡಿಗರು ದಕ್ಷಿಣದಿಂದ ಉತ್ತರಕ್ಕೆ 3,350 ಕಿಲೋಮೀಟರ್ ಉದ್ದಕ್ಕೂ ಕೃತಕ ಗೂಡುಗಳಲ್ಲಿ ಕೋಳಿಜಾತಿಯ ಸಣ್ಣ ಮೊಟ್ಟೆಗಳನ್ನಿಟ್ಟು, ಎಷ್ಟು ಕಳುವಾಗುತ್ತವೆಂದು ನೋಡಿದರು. 2010ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ದಕ್ಷಿಣದ ತುದಿಗೆ ಹೋಲಿಸಿದರೆ ಉತ್ತರದ ತುದಿಯಲ್ಲಿ ಮೊಟ್ಟೆ ಕಳೆದುಕೊಳ್ಳುವ ಅಪಾಯ ಶೇ 66ರಷ್ಟು ಕಡಿಮೆ. ಅಂದರೆ ಅಷ್ಟು ದೂರದ ಹಾರಾಟ, ಇತರ ಲಾಭಗಳ ಜೊತೆಗೆ, ಕಳ್ಳರಿಲ್ಲದ ಊರಿಗೆ ಹೋಗುವ ಖರ್ಚು.

ಆ ಊರಲ್ಲೂ ಈಗ ಕಳ್ಳರು ಹೆಚ್ಚಿದ್ದಾರೆಯೆ? ಇಲ್ಲಿ ವಿದ್ವಾಂಸರು ಎರಡು ಪಾಳೆಯ. 2018ರಲ್ಲಿ ವೊಯ್ತೆಖ್ ಕುಬೆಲ್ಕಾ ಮತ್ತು ಸಂಗಡಿಗರು ಜಗತ್ತಿನ ನಾನಾ ಕಡೆಯ ಗೂಡುಗಳ ದಾಖಲೆ ಕೂಡಿಸಿ, ಆರ್ಕ್‌ಟಿಕ್‌ನಲ್ಲಿ ಗೂಡುಗಳ ಮೇಲಿನ ದಾಳಿ ಕಳೆದ ದಶಕಗಳಲ್ಲಿ ಮೂರು ಪಟ್ಟಾಗಿದೆ ಎಂದರು. ಲೆಮ್ಮಿಂಗ್ ಏರಿಳಿತ ಹದಗೆಟ್ಟಿರುವುದು, ಸಸ್ಯವರ್ಗ ಬದಲಾಗಿರುವುದು ಕಾರಣ ಎಂದರು. ಮರುವರ್ಷವೇ ಮಾರ್ಟಿನ್ ಬುಲ್ಲಾ ಮತ್ತಿತರರು ಆ ಲೆಕ್ಕದ ಕ್ರಮವನ್ನೇ ಪ್ರಶ್ನಿಸಿದರು: ಹಳೆಯ ಕಾಲದಲ್ಲಿ ಗೂಡು ಹುಡುಕುತ್ತಿದ್ದ ಬಗೆ ಬೇರೆ, ಈಗಿನದು ಬೇರೆ, ಹಿಂದೆ ಹಾಳಾದ ಗೂಡುಗಳು ಕಣ್ಣಿಗೇ ಬೀಳದೆ ಲೆಕ್ಕ ತಪ್ಪಿಸಿಕೊಂಡಿರಬಹುದು. ನನಗೆ ಎರಡನೆಯವರ ಎಚ್ಚರಿಕೆ ಹೆಚ್ಚು ಹಿಡಿಸುತ್ತದೆ. ಆದರೆ ಲೆಮ್ಮಿಂಗ್ ತಾಳ ತಪ್ಪಿದೆ ಎಂಬುದನ್ನು ಇಬ್ಬರೂ ಅಲ್ಲಗಳೆಯಲಾರರು. ಪೂರ್ವ ಗ್ರೀನ್‌ಲೆಂಡಿನಲ್ಲಿ 2000ದ ಆಸುಪಾಸಿಗೆ ಆ ಏರಿಳಿತವೇ ನಿಂತುಹೋಯಿತು, ಹಿಮಗೂಬೆಗಳು ಮರಿ ಮಾಡುವುದೂ ಬಹುಮಟ್ಟಿಗೆ ನಿಂತಿತು. ಚಳಿಗಾಲದ ನಡುವೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಲೆಮ್ಮಿಂಗ್‌ಗಳ ಮನೆಯೇ ಮಂಜುಗಡ್ಡೆಯಾಗುತ್ತದೆ.

ಮೂರನೆಯದು ಹೊತ್ತು ತಪ್ಪುವ ವಿಚಾರ. 1979ರಿಂದೀಚೆ ಆರ್ಕ್‌ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ ಎಂದು 2022ರ ಒಂದು ಅಧ್ಯಯನ ಹೇಳುತ್ತದೆ. ಮರಿ ಮೊಟ್ಟೆಯೊಡೆದು ಬಂದ ದಿನವೇ ತನ್ನ ಹುಳು ತಾನೇ ಹುಡುಕಿಕೊಳ್ಳಬೇಕು. ತಾಯಿ ಬಾಯಿಗಿಡುವುದಿಲ್ಲ, ಚಳಿಗೆ ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ ಅಷ್ಟೆ. ಚಳಿ ಹೆಚ್ಚಿದರೆ ಮರಿ ರೆಕ್ಕೆಯಡಿ ಹೆಚ್ಚು ಹೊತ್ತು, ಮೇಯುವುದು ಕಡಿಮೆ ಹೊತ್ತು. ಹುಳುಗಳು ಹೆಚ್ಚಾಗಿ ಹೊರಬೀಳುವುದು ಬೇಸಗೆಯ ಕೆಲವೇ ದಿನ. ರಾಗಿ ಬಿತ್ತುವವನಿಗೆ ನೆಲದ ಹದ ಹೇಗೋ, ಮರಿಯೊಡೆಯುವ ಹಕ್ಕಿಗೆ ಆ ದಿನಗಳು ಹಾಗೆ. ಹಿಮ ಬೇಗ ಕರಗಿದರೆ ಹುಳು ಬೇಗ ಎದ್ದುಬಿಡುತ್ತದೆ. ಹೊಸೂರಿನಲ್ಲೋ ಮಾರಿಟೇನಿಯದಲ್ಲೋ ಇರುವ ಹಕ್ಕಿಗೆ ಅದರ ಸುದ್ದಿ ಮುಟ್ಟುವುದಿಲ್ಲ. ಅದು ಹೊರಡುವುದು ಹಗಲಿನ ಉದ್ದ ನೋಡಿ, ಮೈಯೊಳಗಿನ ಕಾಲಮಾನ ಕೇಳಿ.

ಇದರ ಪರಿಣಾಮ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದನ್ನು ಯಾನ್ ವಾನ್ ಖಿಲ್ಸ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಈ ಇಡೀ ಸಾಹಿತ್ಯದಲ್ಲಿ ನನಗೆ ಅತ್ಯಂತ ಕಾಡುವ ಕೆಲಸ ಅದು. ತೈಮಿರ್‌ನಲ್ಲಿ ಮರಿ ಮಾಡುವ ರೆಡ್ ನಾಟ್ ಹಕ್ಕಿಯ ನೆಲೆಯಲ್ಲಿ 33 ವರ್ಷಗಳಲ್ಲಿ ಹಿಮ ಕರಗುವ ದಿನ ವರ್ಷಕ್ಕೆ ಅರ್ಧ ದಿನದಂತೆ ಬೇಗ ಬರತೊಡಗಿದೆ. ಹಿಮ ಬೇಗ ಕರಗಿದ ವರ್ಷ ಹುಟ್ಟಿದ ಮರಿಗಳು ಸಣ್ಣ ಮೈಯವು, ಮೋಟು ಕೊಕ್ಕಿನವು. ಅವು ಚಳಿಗಾಲ ಕಳೆಯುವುದು ಮಾರಿಟೇನಿಯದ ಬಾಂಕ್ ದಾರ್ಗ್ಯಾಂ ಕರಾವಳಿಯಲ್ಲಿ. ಅಲ್ಲಿ ಮುಖ್ಯ ಆಹಾರವಾದ ಚಿಪ್ಪುಜೀವಿ ಕೆಸರಿನಲ್ಲಿ ಆಳಕ್ಕಿರುತ್ತದೆ; ಮೋಟು ಕೊಕ್ಕಿಗೆ ಎಟುಕುವುದಿಲ್ಲ. ಕಡಲಹುಲ್ಲಿನ ಬೇರು ತಿಂದು ದಿನ ದೂಡಬೇಕಾಗುತ್ತದೆ, ಹೆಚ್ಚು ಸಾಯುತ್ತವೆ. ತಪ್ಪು ನಡೆದದ್ದು ಉತ್ತರ ಧ್ರುವದ ಬಳಿ, ಶವ ಬಿದ್ದದ್ದು ಉಷ್ಣವಲಯದಲ್ಲಿ. ಆಫ್ರಿಕದ ಕಡಲಂಚಿನಲ್ಲಿ ಸಾವು ಹೆಚ್ಚಿದ್ದನ್ನಷ್ಟೇ ನೋಡಿದವರು ಅಲ್ಲಿಯದೇ ಏನೋ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬಿಸಿಯೆಲ್ಲ ಕೇಡಲ್ಲ. ಹಾನ್ಸ್ ಮೆಲ್ಟೋಫ್ಟೆ ಮುಂದಾಳತ್ವದಲ್ಲಿ 2007ರಲ್ಲಿ ಬಂದ ದೊಡ್ಡ ಸಮೀಕ್ಷೆ, ಬೆಚ್ಚನೆಯ ಬೇಸಗೆ ಮೊದಮೊದಲು ಮರಿಗಳಿಗೆ ಅನುಕೂಲವೇ, ಕಾಲಕ್ರಮದಲ್ಲಿ ನೆಲೆಯೇ ಮಾಯವಾಗುವುದು ದೊಡ್ಡ ಅಪಾಯ ಎಂದು ತೂಗಿ ಹೇಳಿತ್ತು. ಕುರುಚಲು ಉತ್ತರಕ್ಕೆ ಏರುತ್ತಿದೆ, ಕೆಂಪುನರಿ ಹಿಮನರಿಯ ಸೀಮೆಗೆ ನುಗ್ಗುತ್ತಿದೆ. ತುಂಡ್ರಾಕ್ಕೆ ಇನ್ನೂ ಉತ್ತರಕ್ಕೆ ಸರಿಯಲು ಜಾಗವಿಲ್ಲ, ಅಲ್ಲಿರುವುದು ಸಮುದ್ರ. 2017ರಲ್ಲಿ ಹನಾ ವಾಚೋಪ್ ಮತ್ತಿತರರು 24 ಜಾತಿಗಳ ಮೇಲೆ ಮಾಡಿದ ಅಂದಾಜಿನಂತೆ, 2070ರ ಹೊತ್ತಿಗೆ ಅವುಗಳಲ್ಲಿ ಶೇ 66ರಿಂದ 83ರಷ್ಟು ಜಾತಿಗಳು ಈಗಿರುವ ಅನುಕೂಲ ನೆಲೆಯ ಬಹುಪಾಲನ್ನು ಕಳೆದುಕೊಳ್ಳಲಿವೆ.

ಇಷ್ಟು ವಿಶಾಲವಾದ ನೆಲದಲ್ಲಿ ಯಾವ ವರ್ಷ ಹೇಗಿತ್ತು ಎಂದು ತಿಳಿಯುವುದು ಹೇಗೆ? ಮಾಸ್ಕೋದ ಮಿಖಾಯಿಲ್ ಸೊಲೊವ್ಯೋವ್ ಮತ್ತು ಪಾವೆಲ್ ತೊಮ್ಕೊವಿಚ್ 1990ರ ದಶಕದ ಕೊನೆಯಲ್ಲಿ ಒಂದು ಅಚ್ಚುಕಟ್ಟಾದ ವ್ಯವಸ್ಥೆ ಕಟ್ಟಿದರು. ಆರ್ಕ್‌ಟಿಕ್‌ನ ಯಾವ ಮೂಲೆಯಲ್ಲಿ ಯಾರೇ ಬೇಸಗೆ ಕಳೆದರೂ ಒಂದು ನಮೂನೆ ತುಂಬಿ ಕಳಿಸಬೇಕು: ವಸಂತ ಬೇಗ ಬಂತೋ ತಡವಾಯಿತೋ, ಲೆಮ್ಮಿಂಗ್ ಹೆಚ್ಚೋ ಕಡಿಮೆಯೋ, ನರಿಗಳು ಮರಿ ಹಾಕಿವೆಯೋ, ಹಕ್ಕಿಗಳ ಗತಿ ಏನು. ಇವೆಲ್ಲ ಕೂಡಿ ವರ್ಷವರ್ಷದ ನಕಾಶೆ. ಉಪಕರಣ ಬೇಡ, ಹಣ ಬೇಡ, ನೋಡಿದ್ದನ್ನು ನೋಡಿದಂತೆ ಬರೆಯುವವರು ಬೇಕು. ಭೂಗೋಳದ ಇನ್ನೊಂದು ತುದಿಯಲ್ಲಿ, ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ, ಕ್ಲೈವ್ ಮಿಂಟನ್ ಮತ್ತು ಸಂಗಡಿಗರು ದಶಕಗಟ್ಟಲೆ ಬಲೆ ಹಾಕಿ ಹಕ್ಕಿ ಹಿಡಿದು, ಹಿಂಡಿನಲ್ಲಿ ಆ ವರ್ಷದ ಮರಿಗಳು ನೂರಕ್ಕೆ ಎಷ್ಟು ಎಂದು ಎಣಿಸುತ್ತ ಬಂದರು. ತುಂಡ್ರಾಕ್ಕೆ ಕಾಲಿಡದೆಯೇ ತುಂಡ್ರಾದ ಫಸಲು ಅಳೆಯುವ ಕ್ರಮ ಇದು.

ಭಾರತದಲ್ಲಿ ಈ ಕೆಲಸಕ್ಕೆ ಹತ್ತಿರ ಬರುವುದು ತಮಿಳುನಾಡಿನದೇ ಕೋಡಿಕ್ಕರೈ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ಸಾಲಿಂ ಅಲಿಯವರ ಕಾಲದಿಂದ ಹಕ್ಕಿಗಳಿಗೆ ಉಂಗುರ ತೊಡಿಸುತ್ತಿದೆ, ಎಸ್. ಬಾಲಚಂದ್ರನ್ ಅವರಂಥವರು ಜೀವಮಾನವನ್ನೇ ಅಲ್ಲಿ ಸವೆಸಿದ್ದಾರೆ. ಅದು ಕರಾವಳಿ. ಒಳನಾಡಿನ ಕೆರೆಗಳಿಗೆ ಬಂದರೆ ನಮ್ಮ ಬಳಿ ಇರುವುದು ಜನವರಿಯ ಏಷ್ಯನ್ ನೀರುಹಕ್ಕಿ ಗಣತಿ, ಮತ್ತು ಹವ್ಯಾಸಿಗಳು ಇ-ಬರ್ಡ್ ಜಾಲತಾಣಕ್ಕೆ ಹಾಕುವ ಪಟ್ಟಿಗಳು. ಅವು ಸಣ್ಣ ಸಂಗತಿಯಲ್ಲ. 30 ಸಾವಿರ ಪಕ್ಷಿವೀಕ್ಷಕರ 3 ಕೋಟಿ ದಾಖಲೆಗಳಿಂದ 942 ಜಾತಿಗಳ ಸ್ಥಿತಿ ಅಳೆದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ 2023ರ ವರದಿ ನಿಂತದ್ದು ಅಂಥ ಪಟ್ಟಿಗಳ ಮೇಲೆ. ಅದರ ಪ್ರಕಾರ ಆರ್ಕ್‌ಟಿಕ್‌ನಲ್ಲಿ ಮರಿ ಮಾಡುವ ತೀರಹಕ್ಕಿಗಳು ಭಾರತದಲ್ಲಿ ಶೇ 80ರ ಹತ್ತಿರ ಕುಸಿದಿವೆ.

ಈ ಕುಸಿತಕ್ಕೆ ಹೊಣೆ ಯಾರದು, ಅಲ್ಲಿಯದೋ ಇಲ್ಲಿಯದೋ? ಬರೀ ತಲೆ ಎಣಿಸಿದರೆ ಗೊತ್ತಾಗುವುದಿಲ್ಲ. ಹೊಸೂರಿನ ರಾಮನಾಯಕನ ಕೆರೆಯನ್ನೋ ಕೃಷ್ಣಗಿರಿ ಆಚೆಯ ಬರೂರು ಕೆರೆಯನ್ನೋ ತೆಗೆದುಕೊಳ್ಳಿ. ಹಿಂಗಾರು ಚೆನ್ನಾಗಿ ಹುಯ್ದು ಕೋಡಿ ಬಿದ್ದ ವರ್ಷ ಏರಿಯ ಬುಡದವರೆಗೂ ನೀರು. ಬಾತುಗಳಿಗೆ ಅದು ಸುಗ್ಗಿ, ಸ್ಟಿಂಟ್‌ಗೆ ಕಾಲೂರಲು ಎರಡಂಗುಲ ಕೆಸರೂ ಇಲ್ಲ. ಅದು ಎಲ್ಲೋ ಇನ್ನೊಂದು ಕೆರೆಗೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಕೆರೆಯಂಗಳ ಬಿಚ್ಚಿಕೊಂಡು ನೂರಾರು ಸ್ಟಿಂಟ್ ಕೂಡಬಹುದು. ಎರಡು ವರ್ಷದ ಅಂಕಿ ಪಕ್ಕಪಕ್ಕ ಇಟ್ಟು ತುಂಡ್ರಾದ ಬಗ್ಗೆ ತೀರ್ಪು ಕೊಟ್ಟರೆ ನಗೆಪಾಟಲು.

ಇನ್ನು ದಕ್ಷಿಣ ಪಿನಾಕಿನಿಯ ಕೆಲವರಪಳ್ಳಿ ಜಲಾಶಯ. ಬೆಂಗಳೂರಿನ ಕೊಳಚೆ ವರ್ತೂರು ದಾಟಿ ಈ ನದಿಗಿಳಿದು, ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗೆ ಆಳೆತ್ತರದ ನೊರೆಯೇಳುವುದು ವರ್ಷವರ್ಷದ ಸುದ್ದಿ. ಅದೇ ನೀರು ಮುಂದೆ ಕೃಷ್ಣಗಿರಿ ಅಣೆಕಟ್ಟಿಗೂ ಹೋಗುತ್ತದೆ. ಇಲ್ಲೊಂದು ವಿಪರ್ಯಾಸವಿದೆ. ತುಂಡ್ರಾದ ಗುಂಡಿಗಳಲ್ಲಿ ಮರಿಗಳನ್ನು ಸಾಕುವ ಮಿಡ್ಜ್ ಕುಟುಂಬದ ಹುಳುಗಳೇ, ಕೊಳಚೆ ಸೇರಿದ ನಮ್ಮ ಕೆಸರಿನಲ್ಲೂ ಕೆಂಪಗೆ ತುಂಬಿಕೊಳ್ಳುತ್ತವೆ. ಕೊಳಚೆ ಒಂದು ಮಿತಿಯಲ್ಲಿದ್ದರೆ ಸಣ್ಣ ತೀರಹಕ್ಕಿಗಳಿಗೆ ಊಟ ಹೆಚ್ಚೇ ಸಿಗುತ್ತದೆ. ಆದ್ದರಿಂದ ಕೊಳಕು ಕೆರೆಯಲ್ಲಿ ಹಕ್ಕಿ ಹೆಚ್ಚು ಕಂಡ ಮಾತ್ರಕ್ಕೆ ಕೆರೆ ಆರೋಗ್ಯವಾಗಿದೆ ಎನ್ನಲಾಗದು, ಹಕ್ಕಿಯ ಸಂತತಿ ಹೆಚ್ಚಿದೆ ಎನ್ನಲೂ ಆಗದು. ಮಿತಿ ದಾಟಿದಾಗ ಹುಳುವೂ ಉಳಿಯುವುದಿಲ್ಲ. ಕೆರೆಯಂಚನ್ನು ಕಲ್ಲು ಕಟ್ಟಿ ನಡಿಗೆ ಹಾದಿ ಮಾಡುವ ‘ಅಭಿವೃದ್ಧಿ’ ಇದಕ್ಕಿಂತ ಖಚಿತವಾಗಿ ಸ್ಟಿಂಟ್‌ಗಳನ್ನು ಓಡಿಸುತ್ತದೆ. ನೀರು ಹಾಗೇ ಉಳಿದರೂ ಅವಕ್ಕೆ ಬೇಕಾದ ಇಳಿಜಾರು ಕೆಸರು ಹೋಗುತ್ತದೆ.

ನಮ್ಮದೇ ನೆಲದಲ್ಲಿ ಗೂಡು ಮಾಡುವ ತೀರಹಕ್ಕಿಗಳ ಕಷ್ಟವನ್ನು ಇದರ ಪಕ್ಕ ಇಟ್ಟು ನೋಡಿದರೆ ತುಂಡ್ರಾ ಇನ್ನೂ ಸ್ಪಷ್ಟವಾಗುತ್ತದೆ. ಟಿಟ್ಟಿಭವೂ ಲಿಟಲ್ ರಿಂಗ್ಡ್ ಪ್ಲೋವರ್‌ನ ಸ್ಥಳೀಯ ಉಪಜಾತಿಯೂ ಬೇಸಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ, ಹೊಳೆಯ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಅಲ್ಲಿ ಮೊಟ್ಟೆ ತಣ್ಣಗಾಗುವ ಭಯವಾದರೆ ಇಲ್ಲಿ ಬೆಂದುಹೋಗುವ ಭಯ. ಟಿಟ್ಟಿಭ ಎದೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಕೊಡುತ್ತದೆ. ಅಲ್ಲಿ ನರಿ, ಇಲ್ಲಿ ಬೀದಿನಾಯಿ, ಕಾಗೆ, ಹೂಳೆತ್ತುವ ಯಂತ್ರ. ಆದರೆ ನಮ್ಮ ಹಕ್ಕಿಗೆ ಒಂದು ಗೂಡು ಹೋದರೆ ಇನ್ನೊಂದು ಮಾಡಲು ತಿಂಗಳುಗಳಿವೆ. ತುಂಡ್ರಾದ ಹಕ್ಕಿಗೆ ಜೂನ್ ಮುಗಿದ ಮೇಲೆ ಆ ವರ್ಷವೇ ಮುಗಿದಂತೆ.

ಅಲ್ಲಿಯದೋ ಇಲ್ಲಿಯದೋ ಎಂಬ ಪ್ರಶ್ನೆಗೆ ಉತ್ತರದ ಒಂದು ತುದಿ ಹಿಡಿಯಲು ಎಣಿಕೆಯ ಕ್ರಮ ಬದಲಾಗಬೇಕು. ಒಟ್ಟು ಎಷ್ಟು ಹಕ್ಕಿ ಎನ್ನುವುದು ಕೆರೆಯ ನೀರಿನಂತೆ ಏರಿಳಿಯುತ್ತದೆ. ಅದರಲ್ಲಿ ಮರಿಗಳ ಪಾಲು ಎಷ್ಟು ಎನ್ನುವುದು ಆ ನೀರಿನ ಜೊತೆ ಅಷ್ಟಾಗಿ ಏರಿಳಿಯದು. ವರ್ಷಗಟ್ಟಲೆ ಮರಿಗಳ ಪಾಲು ಇಳಿಯುತ್ತಿದ್ದರೆ ತೊಂದರೆ ತುಂಡ್ರಾದಲ್ಲಿ; ಮರಿಗಳು ಎಂದಿನಂತೆ ಬರುತ್ತಿದ್ದೂ ಒಟ್ಟು ಸಂತತಿ ಕುಗ್ಗುತ್ತಿದ್ದರೆ ತೊಂದರೆ ದಾರಿಯಲ್ಲೋ ಇಲ್ಲಿಯೋ. ಜನವರಿಯ ಗಣತಿ ಇದಕ್ಕೆ ತಡ. ಆ ಹೊತ್ತಿಗೆ ಮರಿಗಳೂ ಹಿರಿಯವೂ ಗರಿ ಬದಲಿಸಿ ಒಂದೇ ಬೂದುಬಣ್ಣಕ್ಕೆ ಬಂದಿರುತ್ತವೆ. ಗುರುತು ಸಿಗುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ. ಲಿಟಲ್ ಸ್ಟಿಂಟ್ ಮರಿಯ ಬೆನ್ನ ಮೇಲೆ ಇಂಗ್ಲಿಷಿನ ವಿ ಆಕಾರದ ಬಿಳಿ ಗೆರೆ ಎದ್ದು ಕಾಣುತ್ತದೆ, ಗರಿಗಳೆಲ್ಲ ಹೊಸದಾಗಿ, ಕಂದುಕೆಂಪು ಅಂಚು ಕಟ್ಟಿದಂತಿರುತ್ತವೆ. ಬೇಸಗೆ ಕಳೆದು ಬಂದ ಹಿರಿಯ ಹಕ್ಕಿಯ ಗರಿ ಸವೆದು ಮಾಸಿರುತ್ತದೆ. ಇವತ್ತಿನ ಕ್ಯಾಮೆರಾಗಳಿಗೆ ಇದು ಕಷ್ಟವಲ್ಲ. ಹಿರಿಯವು ಮೊದಲು, ಮರಿಗಳು ಆಮೇಲೆ ಬರುವುದರಿಂದ ಹೋಲಿಕೆ ಮಾತ್ರ ಪ್ರತಿವರ್ಷ ಅದೇ ವಾರಗಳದ್ದಾಗಿರಬೇಕು.

ಅತ್ತಿಬೆಲೆಯ ಈಚೆಗೆ ಬಿದರಗುಪ್ಪೆ, ಮುತ್ತಾನಲ್ಲೂರು, ಆಚೆಗೆ ಹೊಸೂರು, ತಳಿ, ಕೃಷ್ಣಗಿರಿ: ಈ ಸಾಲಿನ ಕೆರೆಗಳಿಗೆ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೊತ್ತು ಹೋಗುವವರು ಈಗ ಕಡಿಮೆಯಿಲ್ಲ. ಅವರಲ್ಲಿ ನನ್ನ ಕೋರಿಕೆ ಇಷ್ಟೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಪ್ರತಿವರ್ಷ ಒಂದೇ ಕೆರೆಗೆ ಹೋಗಿ. ಸ್ಟಿಂಟ್‌ಗಳ ಹಿಂಡು ಸಿಕ್ಕರೆ ಮರಿ ಎಷ್ಟು, ಹಿರಿಯವು ಎಷ್ಟು, ಗುರುತು ಹತ್ತದವು ಎಷ್ಟು ಎಂದು ಬೇರೆಬೇರೆಯಾಗಿ ಎಣಿಸಿ. ಕೆಸರಿನ ಅಗಲ ಎಷ್ಟಿತ್ತೆಂದು ಒಂದು ಸಾಲು ಸೇರಿಸಿ. ಇ-ಬರ್ಡ್ ಪಟ್ಟಿಯಲ್ಲಿ ವಯಸ್ಸಿನ ಅಂಕಣ ಖಾಲಿ ಬಿಡಬೇಡಿ.